ಹೆಡ್‌ಮೇಷ್ಟ್ರ ಇನ್ನೂರೈವತ್ತು ಗಂಟೆ

ಜನವರಿ 2
ಹೂಳೆತ್ತುವ ಹಡಗಿನಿಂದ

ಭಾವನವರಿಗೆ ನಮಸ್ಕಾರ.

ಕ್ಷೇಮವಾಗಿ ಬಂದು ಸೇರಿದೆ. ಹಡಗು ನಾನು ಬಿಟ್ಟುಹೋದ ಜಾಗದಲ್ಲೇ ನಿಂತಿತ್ತು, ಹೂಳೂ ಅಲ್ಲೇ ಇತ್ತು. ನಾವು ಎಷ್ಟು ಎತ್ತುತ್ತೇವೋ ಅಷ್ಟನ್ನು ನದಿ ಮತ್ತೆ ತಂದು ಸುರಿಯುತ್ತದೆ. ಒಂಬತ್ತು ವರ್ಷದಿಂದ ಇದೇ ನಡೆದಿದೆ. ಇಲ್ಲಿ ಫೋನ್ ಸಿಗುವುದಿಲ್ಲ, ಸಿಕ್ಕಿದರೂ ನಿಮಗೆ ಫೋನಿನಲ್ಲಿ ಕಿವಿ ಕೇಳಿಸುವುದಿಲ್ಲ. ಆದ್ದರಿಂದ ಕಾಗದವೇ ಗತಿ. ವಾರಕ್ಕೊಮ್ಮೆ ಲಾಂಚು ಬರುತ್ತದೆ, ಈರುಳ್ಳಿ ಮೂಟೆಯ ಜೊತೆ ಟಪಾಲನ್ನೂ ತರುತ್ತದೆ.

ನಿಮಗೆ ಗೊತ್ತಿರುವ ವಿಷಯವೇ, ಆದರೂ ಇನ್ನೊಮ್ಮೆ ಬರೆದುಬಿಡುತ್ತೇನೆ. ಏಪ್ರಿಲ್ 22ಕ್ಕೆ ಊರಿನಲ್ಲಿರುವ ನಮ್ಮ ದೋಣಿಗೆ ಬಂದರಿನವರ ತಪಾಸಣೆ. ದೋಣಿ ಪಾಸಾದರೆ ಜನರನ್ನು ವಿಹಾರಕ್ಕೆ ಕರೆದೊಯ್ಯುವ ಪರವಾನಗಿ ಸಿಗುತ್ತದೆ, ನಾನು ಈ ಹೂಳಿಗೆ ಕೈಮುಗಿದು ಮನೆಗೆ ಬರುತ್ತೇನೆ. ಪಾಸಾಗದಿದ್ದರೆ ದೋಣಿ ಕಟ್ಟುವ ಜಾಗ ಬೇರೆಯವರ ಪಾಲಾಗುತ್ತದೆ, ನಾನು ಇಲ್ಲೇ ಇನ್ನೆರಡು ವರ್ಷಕ್ಕೆ ಸಹಿ ಹಾಕಬೇಕು. ಎರಡೂ ಎಂಜಿನ್ನುಗಳನ್ನು ನಾನೇ ಪೂರ್ತಿ ಬಿಚ್ಚಿ ಕಟ್ಟಿ, ಗಂಟೆ ಮೀಟರನ್ನು ಸೊನ್ನೆಗೆ ತಂದು ಬಂದಿದ್ದೇನೆ.

ಮಾಡಬೇಕಾದ್ದೆಲ್ಲ ದೋಣಿಯ ಎಂಜಿನ್ ಕೋಣೆಯ ಬಾಗಿಲ ಹಿಂದೆ ಅಂಟಿಸಿದ ಹಾಳೆಯಲ್ಲಿದೆ. ವಾರಕ್ಕೊಮ್ಮೆ ದೀಪಸ್ತಂಭದವರೆಗೆ ಹೋಗಿಬನ್ನಿ, ಮುಕ್ಕಾಲು ವೇಗದಲ್ಲಿ ಎರಡು ಗಂಟೆ. ಚಾಲೂ ಮಾಡುವ ಮೊದಲು ಎಣ್ಣೆ ನೋಡಿ, ಎಂಜಿನ್ ತಣ್ಣಗಿಡಲು ಸಮುದ್ರದ ನೀರು ಒಳಗೆ ಬರುವ ವಾಲ್ವ್ ತೆರೆಯಿರಿ. ಐವತ್ತು ಗಂಟೆಗೆ ಬೆಲ್ಟು, ಬೋಲ್ಟುಗಳ ತಪಾಸಣೆ. ಇನ್ನೂರೈವತ್ತು ಗಂಟೆಗೆ ಎಣ್ಣೆ, ಫಿಲ್ಟರ್ ಬದಲಾವಣೆ. ನಿವೃತ್ತಿಯಾದ ಮೇಲೆ ನಿಮಗೆ ಕೈಗೊಂದು ಕೆಲಸ ಬೇಕು ಎಂದು ಅಕ್ಕ ಹೇಳುತ್ತಿದ್ದಳು. ಅವಳು ಹೇಳಿದ್ದು ಸ್ವಲ್ಪ ಬೇರೆ ಮಾತಿನಲ್ಲಿ.

ನಿಮ್ಮ ಭಾವಮೈದ


ಜನವರಿ 12

ಚಿರಂಜೀವಿ ಭಾವಮೈದನಿಗೆ ಆಶೀರ್ವಾದ.

ನಿನ್ನ ಪತ್ರ ಮೊನ್ನೆ ತಲುಪಿತು. ಅದಕ್ಕೂ ಮುಂಚೆಯೇ, ಅಂದರೆ ಎಂಟನೆಯ ತಾರೀಕಿನಿಂದಲೇ, ನಿನ್ನ ಹಾಳೆಯನ್ನು ಅಭ್ಯಾಸ ಮಾಡಿ ಕೆಲಸ ಆರಂಭಿಸಿದ್ದೇನೆ. ಎರಡೂ ಎಂಜಿನ್ನುಗಳಿಗೆ ಒಂದು ಹಾಜರಿ ಪುಸ್ತಕ ಮಾಡಿದ್ದೇನೆ. ತಾರೀಕು, ಗಂಟೆ, ಎಣ್ಣೆ, ಡೀಸೆಲ್, ಪ್ರಯಾಣ, ಷರಾ, ಹೀಗೆ ಕಾಲಂ ಎಳೆದಿದ್ದೇನೆ. ಬಲಗಡೆಯ ಎಂಜಿನ್ ಶಿಸ್ತಿನದು, ಕರೆದ ಕೂಡಲೇ ಏಳುತ್ತದೆ. ಎಡಗಡೆಯದು ಏಳುವ ಮುಂಚೆ ಮೂರು ಸಲ ಕೆಮ್ಮುತ್ತದೆ. ಇಂಥವರನ್ನು ನಾನು ಬಹಳ ಮಂದಿ ನೋಡಿದ್ದೇನೆ.

ಮೊದಲ ದಿನ ಒಂದು ಸಣ್ಣ ಘಟನೆ ನಡೆಯಿತು. ನೀರಿನ ವಾಲ್ವ್ ತೆರೆಯುವ ಮುನ್ನವೇ ಎಡಗಡೆಯ ಎಂಜಿನ್ ಚಾಲೂ ಆಗಿಬಿಟ್ಟಿತ್ತು. ಸ್ವಲ್ಪ ಹೊತ್ತಿಗೆ ಎಲ್ಲೋ ಗಂಟೆ ಬಾರಿಸಿತು. ಮೂವತ್ತಾರು ವರ್ಷದ ಅಭ್ಯಾಸ ನೋಡು, ಪೀರಿಯಡ್ಡು ಮುಗಿಯಿತೆಂದು ತಿಳಿದು ನಾನು ಪುಸ್ತಕ ಮಡಚಿ ಎದ್ದೆ. ಅದು ಎಂಜಿನ್ ಕಾದಿರುವ ಗಂಟೆಯೆಂದು ಹೇಳಿ ನಿನ್ನ ಅಕ್ಕ ಓಡಿಹೋಗಿ ಆಫ್ ಮಾಡಿದಳು. ಬಿಚ್ಚಿ ನೋಡಿದಾಗ ನೀರೆಳೆಯುವ ಪಂಪಿನ ರಬ್ಬರ್ ಚಕ್ರದ ಆರು ರೆಕ್ಕೆಗಳಲ್ಲಿ ಎರಡು ಗೈರುಹಾಜರಾಗಿದ್ದವು. ನೀನು ಇಟ್ಟಿದ್ದ ಹೊಸ ಚಕ್ರ ಹಾಕಿದ್ದೇನೆ.

ನೀನು ಚಿಂತಿಸಬೇಡ. ಇನ್ನೂರೈವತ್ತು ಗಂಟೆಯ ಪೋರ್ಷನ್ನನ್ನು ಏಪ್ರಿಲ್ 22ರ ಒಳಗೆ ಮುಗಿಸುವ ಜವಾಬ್ದಾರಿ ನನ್ನದು. ನನ್ನ ಸೇವಾವಧಿಯಲ್ಲಿ ಒಂದೇ ಒಂದು ವರ್ಷವೂ ಪೋರ್ಷನ್ ಉಳಿದಿಲ್ಲ.

ಆಶೀರ್ವಾದಗಳೊಂದಿಗೆ,
ನಿನ್ನ ಭಾವ


ಜನವರಿ 21

ಭಾವ,

ಪೋರ್ಷನ್ನಿನ ಮಾತು ಓದಿ ನಮ್ಮ ಎಂಜಿನ್ ಕೋಣೆಯವರೆಲ್ಲ ನಕ್ಕರು. ನೀವು ತಮಾಷೆ ಮಾಡುತ್ತೀರೆಂದು ನನಗೆ ಶಾಲೆಯಲ್ಲಿ ಗೊತ್ತೇ ಆಗಿರಲಿಲ್ಲ.

ಆದರೆ ಆ ಎರಡು ರೆಕ್ಕೆ ಎಲ್ಲಿ? ಅವು ಮನೆಗೆ ಹೋಗಿರುವುದಿಲ್ಲ. ಮುಂದಿನ ಕೊಳವೆಯಲ್ಲೇ ಅವಿತು ಕುಳಿತು ನೀರಿನ ದಾರಿ ಕಟ್ಟುತ್ತವೆ. ತರಗತಿ ತಪ್ಪಿಸಿದ ಹುಡುಗರು ಶಾಲೆಯ ಹಿತ್ತಲಲ್ಲೇ ಇರುತ್ತಿದ್ದರಲ್ಲ, ಹಾಗೆ. ನಾನೂ ಅಲ್ಲೇ ಇರುತ್ತಿದ್ದೆ, ನೀವು ಊರೆಲ್ಲ ಹುಡುಕುತ್ತಿದ್ದಿರಿ. ದಯವಿಟ್ಟು ಕೊಳವೆ ಬಿಚ್ಚಿ ಹುಡುಕಿ.

ಸತುವಿನ ಕಡ್ಡಿಯನ್ನೂ ತಿಂಗಳಿಗೊಮ್ಮೆ ನೋಡಿ. ಉಪ್ಪುನೀರು ಯಾವುದಾದರೂ ಲೋಹವನ್ನು ತಿಂದೇ ತಿನ್ನುತ್ತದೆ. ಎಂಜಿನ್ನನ್ನು ಬಿಟ್ಟು ಇದನ್ನು ತಿನ್ನಲಿ ಅಂತ ಆ ಕಡ್ಡಿ ಇಟ್ಟಿರುವುದು. ಅರ್ಧ ಸವೆದಿದ್ದರೆ ಹೊಸದು ಹಾಕಿ, ಬೈಯಬೇಡಿ.

ನಿಮ್ಮ ಭಾವಮೈದ


ಫೆಬ್ರವರಿ 1

ಚಿರಂಜೀವಿಗೆ ಆಶೀರ್ವಾದ.

ಎರಡು ರೆಕ್ಕೆಗಳೂ ಕೊಳವೆಯ ಬಾಗಿನಲ್ಲಿ ಸಿಕ್ಕವು. ನಿನ್ನ ಅಕ್ಕ ತನ್ನ ಕ್ರೋಶಾ ಕಡ್ಡಿಯಿಂದ ಎಳೆದು ತೆಗೆದಳು. ಅವನ್ನು ತಾರೀಕು ಬರೆದು ಲಕೋಟೆಯಲ್ಲಿ ಇಟ್ಟಿದ್ದೇನೆ.

ಸತುವಿನ ಕಡ್ಡಿ ಅರ್ಧ ಸವೆದಿತ್ತು. ಬೇರೆಯವರು ಚೆನ್ನಾಗಿರಲೆಂದು ತಾನು ಮೂಲೆಯಲ್ಲಿ ಕುಳಿತು ಸವೆಯುವುದು ಏನೆಂದು ಮೂವತ್ತಾರು ವರ್ಷ ಪಾಠ ಮಾಡಿದವನಿಗೆ ಹೇಳಿಕೊಡಬೇಕಾಗಿಲ್ಲ. ಅದನ್ನು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಕುಳಿತಿದ್ದೆ. ನಿನ್ನ ಅಕ್ಕ, ‘ಸತು ಸತ್ತಿದ್ದಕ್ಕೆ ರಜಾ ಕೊಡ್ತೀರಾ?’ ಎಂದು ಕೇಳಿದಳು. ಹೊಸದು ಹಾಕಿದೆ.

ಮುಖ್ಯ ವಿಷಯ. ಮೊನ್ನೆ 29ಕ್ಕೆ ಐವತ್ತು ಗಂಟೆ ಪೂರ್ಣವಾಯಿತು. ಬೆಲ್ಟು ಒತ್ತಿ ನೋಡಿದೆ, ಬೋಲ್ಟುಗಳನ್ನು ಬಿಗಿ ಮಾಡಿದೆ. ನಿನ್ನ ಅಕ್ಕ ದಿನಾ ಬೆತ್ತದ ಕುರ್ಚಿ ತಂದು ದೋಣಿಯ ಹಿಂಭಾಗದಲ್ಲಿ ಹಾಕಿಕೊಂಡು ಕೂರುತ್ತಾಳೆ. ಎಂಜಿನ್ ಸದ್ದಿನಲ್ಲಿ ನಮಗೆ ಪರಸ್ಪರ ಮಾತು ಕೇಳಿಸುವುದಿಲ್ಲ. ನಿವೃತ್ತಿಯ ನಂತರ ನಾವಿಬ್ಬರೂ ಇಷ್ಟು ಸಾಮರಸ್ಯದಿಂದ ಇದ್ದದ್ದು ಇದೇ ಮೊದಲು. ಬುಧವಾರ ಮಾತ್ರ ಅವಳು ತರಕಾರಿಗೆಂದು ಹೋಗುತ್ತಾಳೆ.

ನಿನ್ನ ಭಾವ


ಫೆಬ್ರವರಿ 11

ಪ್ರೀತಿಯ ಭಾವ,

ಐವತ್ತು ಗಂಟೆಯೇ? ನನ್ನ ಲೆಕ್ಕದಲ್ಲಿ ಆರೋ ಎಂಟೋ ಆಗಬೇಕಿತ್ತು. ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಅಂದರೆ ನೀವು ದೀಪಸ್ತಂಭಕ್ಕೆ ವಾರಕ್ಕೊಮ್ಮೆ ಅಲ್ಲ, ದಿನಾ ಹೋಗುತ್ತಿದ್ದೀರಿ. ನಿಮಗೆ ಸಮುದ್ರದ ಹುಚ್ಚು ಹಿಡಿದಿದೆ. ಇದನ್ನು ನಾನು ಕನಸಿನಲ್ಲೂ ನೆನೆಸಿರಲಿಲ್ಲ. ಚಪ್ಪಲಿಗೆ ಮರಳು ತಾಗುತ್ತದೆಂದು ಕಡಲತೀರಕ್ಕೂ ಬಾರದ ನೀವು.

ಕ್ಯಾಪ್ಟನ್ನಿಗೆ ಹೇಳಿದೆ. ಅಡುಗೆಯವನಿಗೂ ಹೇಳಿದೆ. ನಮ್ಮ ಭಾವ ಈ ವಯಸ್ಸಿನಲ್ಲಿ ದಿನಾ ಹೊರಗಡಲಿಗೆ ಹೋಗುತ್ತಾರೆ ಅಂತ ಇಡೀ ಹಡಗಿಗೇ ಗೊತ್ತು. ಎಂಜಿನ್ನುಗಳಿಗೂ ಒಳ್ಳೆಯದೇ, ಭಾರ ಎಳೆದಷ್ಟೂ ಅವು ಚೊಕ್ಕವಾಗಿರುತ್ತವೆ.

ದೀಪಸ್ತಂಭದ ಆಚೆ ಸಮುದ್ರ ಈಗ ಹೇಗಿದೆ ಎಂದು ಬರೆಯಿರಿ. ಇಲ್ಲಿ ನೀರಿಗೆ ಕೆಸರಿನ ಬಣ್ಣ ಒಂದೇ. ಕಾಗದದಲ್ಲಾದರೂ ಸಮುದ್ರ ನೋಡೋಣ.

ನಿಮ್ಮ ಭಾವಮೈದ


ಫೆಬ್ರವರಿ 20

ಚಿರಂಜೀವಿಗೆ ಆಶೀರ್ವಾದ.

ನೀನು ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ಸಮುದ್ರವು ವಿಶಾಲವಾದುದು. ಅದು ನೀಲಿ ಬಣ್ಣದ್ದಾಗಿದೆ. ಅದರಲ್ಲಿ ಅಲೆಗಳಿವೆ. ಅವು ಬರುತ್ತವೆ ಮತ್ತು ಹೋಗುತ್ತವೆ. ದೀಪಸ್ತಂಭವು ಎತ್ತರವಾಗಿದ್ದು ನಾವಿಕರಿಗೆ ಬಹಳ ಉಪಕಾರಿಯಾಗಿದೆ. ಒಂದು ದಿನ ದೊಡ್ಡ ಮೀನೊಂದು ನೀರಿನಿಂದ ಮೇಲಕ್ಕೆ ಹಾರಿ, ನಮ್ಮನ್ನು ನೋಡಿ, ಪುನಃ ಮುಳುಗಿತು. ಹೀಗೆ ಸಮುದ್ರದಿಂದ ನಮಗೆ ಅನೇಕ ಪ್ರಯೋಜನಗಳಿವೆ.

ನಮ್ಮ ಪಕ್ಕದ ದೋಣಿಯಲ್ಲಿ ಒಬ್ಬ ಅಜ್ಜ ಇದ್ದಾನೆ, ಬಲೆ ಹಾಕುವವನು. ದಿನಾ ನನ್ನನ್ನು ನೋಡಿ, ‘ಎಲ್ಲಿಗೆ ಮೇಷ್ಟ್ರೇ ಸವಾರಿ?’ ಎಂದು ಕೇಳಿ ಕಾರಣವಿಲ್ಲದೆ ನಗುತ್ತಾನೆ. ಹಲ್ಲಿಲ್ಲದವರಿಗೆ ನಗು ಜಾಸ್ತಿ.

ನಿನ್ನ ಹಡಗಿನವರಿಗೆ ನನ್ನ ವಿಷಯ ಹೇಳುವ ಅಗತ್ಯವಿರಲಿಲ್ಲ.

ನಿನ್ನ ಭಾವ


ಮಾರ್ಚ್ 3

ಪ್ರೀತಿಯ ಭಾವ,

ಊಟದ ಹೊತ್ತಿನಲ್ಲಿ ನಿಮ್ಮ ಕಾಗದ ಓದಿದೆ. ಮೀನು ಹಾರಿದ ಭಾಗವನ್ನು ಅಡುಗೆಯವನು ಮತ್ತೊಮ್ಮೆ ಓದಿಸಿದ. ಬರವಣಿಗೆ ಸ್ವಲ್ಪ ಏಳನೇ ಕ್ಲಾಸಿನ ಹಾಗಿದೆ ಎಂದು ಕ್ಯಾಪ್ಟನ್ ಅಂದ. ಹೆಡ್‌ಮೇಷ್ಟ್ರು ಸರಳವಾಗಿ ಬರೆಯುತ್ತಾರೆ ಎಂದು ನಾನು ಜಗಳಕ್ಕೇ ಹೋದೆ.

ಒಂದು ವಿಷಯ ಇಷ್ಟು ದಿನ ಬರೆಯದೆ ಇಟ್ಟುಕೊಂಡಿದ್ದೆ. ಜನವರಿಯಲ್ಲೇ ಕ್ಯಾಪ್ಟನ್ ಇನ್ನೆರಡು ವರ್ಷದ ಕಾಗದವನ್ನು ನನ್ನ ಮೇಜಿನ ಮೇಲೆ ತಂದಿಟ್ಟಿದ್ದಾನೆ. ಏಪ್ರಿಲ್ 30ರೊಳಗೆ ಸಹಿ ಹಾಕಬೇಕು, ಇಲ್ಲ ಎನ್ನಬೇಕು. ಆಮೇಲೆ ಇನ್ನೊಬ್ಬ ಮೆಕ್ಯಾನಿಕ್ ಬರುತ್ತಾನೆ. ಆ ಕಾಗದದ ಮೇಲೆ ಟೀ ಲೋಟ ಇಟ್ಟು ಇಟ್ಟು ಮೂರು ಉಂಗುರ ಬಿದ್ದಿವೆ. ನಿಮ್ಮ ಕಾಗದ ಬಂದಾಗಲೆಲ್ಲ ಸಹಿ ಬೇಕಾಗಲಿಕ್ಕಿಲ್ಲ ಅನ್ನಿಸುತ್ತದೆ. ಇಲ್ಲಿ ನನಗೆ ಸಾಕಾಗಿದೆ, ಭಾವ. ಮನೆಗೆ ಬರಬೇಕು.

ತಪಾಸಣೆಯ ದಿನ ಟ್ಯಾಂಕಿನಲ್ಲಿ ಎಷ್ಟಿರಬೇಕೆಂದು ಲೆಕ್ಕ ಹಾಕಬೇಕು. ಮೀಟರು ಈಗ ಎಷ್ಟಕ್ಕೆ ಬಂದಿದೆ, ಡೀಸೆಲ್ ಒಟ್ಟು ಎಷ್ಟು ಖರ್ಚಾಗಿದೆ ಬರೆಯಿರಿ.

ನಿಮ್ಮ ಭಾವಮೈದ


ಮಾರ್ಚ್ 14

ಚಿರಂಜೀವಿಗೆ ಆಶೀರ್ವಾದ.

ಮೀಟರು: 157 ಗಂಟೆ.
ಡೀಸೆಲ್: ಎರಡೂ ಎಂಜಿನ್ ಸೇರಿ 471 ಲೀಟರ್.

ಪ್ರಬಂಧದಲ್ಲಿ ಸ್ವಲ್ಪ ಕಲ್ಪನೆ ಸೇರಬಹುದು, ಲೆಕ್ಕದಲ್ಲಿ ಸೇರಕೂಡದು ಎಂಬುದು ನನ್ನ ನಿಯಮ. ಅಂಕಿಗಳನ್ನು ಎರಡು ಸಲ ಕೂಡಿ ನೋಡಿದ್ದೇನೆ.

ಬೇರೆ ವಿಶೇಷವಿಲ್ಲ.

ನಿನ್ನ ಭಾವ


ಮಾರ್ಚ್ 24

ಭಾವ,

ದೀಪಸ್ತಂಭಕ್ಕೆ ಹೋಗುವ ವೇಗದಲ್ಲಿ ಆ ಎರಡು ಎಂಜಿನ್ ಸೇರಿ ಗಂಟೆಗೆ ಇಪ್ಪತ್ತು ಲೀಟರ್ ಕುಡಿಯುತ್ತವೆ. 157 ಗಂಟೆಗೆ ಮೂರು ಸಾವಿರದ ನೂರ ನಲವತ್ತು ಆಗಬೇಕು. ನೀವು ಬರೆದದ್ದು 471. ಭಾಗಿಸಿದೆ. ಗಂಟೆಗೆ ಮೂರು, ಶೇಷ ಸೊನ್ನೆ. ಅಡುಗೆಯವನ ಹತ್ತಿರ ಪೆನ್ಸಿಲ್ ತಗೊಂಡು ಇನ್ನೊಮ್ಮೆ ಭಾಗಿಸಿದೆ. ಆಗಲೂ ಮೂರೇ ಬಂತು.

ಗಂಟೆಗೆ ಮೂರು ಲೀಟರ್ ಕುಡಿಯುವುದು ನಿಂತಲ್ಲೇ ಗುರುಗುಟ್ಟುವ ಎಂಜಿನ್ನುಗಳು. ದೋಣಿ ಜನವರಿಯಿಂದ ಹಗ್ಗವನ್ನೇ ಬಿಚ್ಚಿಲ್ಲ. ದಿನಾ ದಡಕ್ಕೆ ಕಟ್ಟಿಹಾಕಿಯೇ ಓಡಿಸಿದ್ದೀರಿ. ಯಾಕೆ ಎಂದು ಎರಡು ದಿನ ತಲೆ ಕೆರೆದುಕೊಂಡೆ. ಆಮೇಲೆ ನಿಮ್ಮ ಮೊದಲ ಕಾಗದ ತೆಗೆದು ಓದಿದೆ. ಪೋರ್ಷನ್. ನೀವು ತಮಾಷೆ ಮಾಡಿರಲಿಲ್ಲ.

ಭಾವ, ಇನ್ನೂರೈವತ್ತು ಗಂಟೆ ಸಿಲಬಸ್ ಅಲ್ಲ. ಅಷ್ಟು ಓಡಿದ್ದರೆ ಎಣ್ಣೆ ಬದಲಿಸಿ ಅಂತ ಅರ್ಥ. ಅಷ್ಟು ಓಡಿಸಲೇಬೇಕು ಅಂತ ಅಲ್ಲ. ಅಂಗಿ ಹರಿದರೆ ಹೊಲಿಸಿ ಅಂದರೆ ಯಾರಾದರೂ ಹರಿಯುತ್ತಾ ಕೂರುತ್ತಾರಾ? ತಪಾಸಣೆಗೆ ಮೂವತ್ತು ಗಂಟೆ ಓಡಿದ್ದರೆ ಸಾಕಿತ್ತು.

ಭಾರವಿಲ್ಲದೆ ನಿಂತಲ್ಲೇ ಓಡಿದರೆ ಡೀಸೆಲ್ ಎಂಜಿನ್ ಸರಿಯಾಗಿ ಬಿಸಿಯಾಗುವುದಿಲ್ಲ. ಉರಿಯದ ಡೀಸೆಲ್ ಮಸಿಯಾಗಿ ಒಳಗೆಲ್ಲ ಅಂಟಿ ಕೂರುತ್ತದೆ. ತಪಾಸಣೆಯವರು ಬಂದು ಒಂದು ಸಲ ವೇಗ ಏರಿಸಿದರೆ ಸಾಕು, ಅಡುಗೆಮನೆ ಹೊತ್ತಿದ ಹಾಗೆ ಹೊಗೆ ಬರುತ್ತದೆ. ಅಲ್ಲಿಗೆ ನನ್ನ ಕಥೆ ಮುಗಿಯಿತು, ಆ ಕಾಗದಕ್ಕೆ ಸಹಿ ಹಾಕುತ್ತೇನೆ.

ಈಗ ಇರುವುದು ಒಂದೇ ದಾರಿ. ಇವತ್ತೇ ನಿಲ್ಲಿಸಿ. ದೋಣಿಯನ್ನು ಹೊರಗೆ ಒಯ್ದು, ಅರ್ಧ ವೇಗದಿಂದ ಶುರು ಮಾಡಿ, ಹತ್ತು ಹತ್ತು ನಿಮಿಷಕ್ಕೆ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋಗಿ. ಮೊದಲು ಕಪ್ಪು ಹೊಗೆ ಬರುತ್ತದೆ, ಆಮೇಲೆ ಬೂದಿ ಬಣ್ಣ, ಆಮೇಲೆ ನಿಲ್ಲಬೇಕು. ನಿಲ್ಲುತ್ತದೆ ಎಂದು ಅಂದುಕೊಂಡಿದ್ದೇನೆ.

ಹೊರಗೆ ಹೋಗಿಲ್ಲವೆಂದು ಮೊದಲೇ ಬರೆದಿದ್ದರೆ ಏನಾಗುತ್ತಿತ್ತು? ಆ ಮೀನು ಹಾರಿಸಬೇಕಿತ್ತಾ, ಭಾವ?

ನಿಮ್ಮ ಭಾವಮೈದ


ಏಪ್ರಿಲ್ 4

ಚಿರಂಜೀವಿಗೆ,

ಪತ್ರ ತಲುಪಿತು. ಭಾಗಾಕಾರ ಸರಿಯಿದೆ.

ಎಂಜಿನ್ನುಗಳನ್ನು ನಿಲ್ಲಿಸಿದ್ದೇನೆ. ಉಳಿದದ್ದನ್ನು ತಪಾಸಣೆಯ ನಂತರ ಬರೆಯುತ್ತೇನೆ.

ಭಾವ


ಏಪ್ರಿಲ್ 12

ಭಾವನವರಿಗೆ ನಮಸ್ಕಾರ.

ಎರಡು ಸಾಲಿನ ಕಾಗದ ಬಂತು, ಆಶೀರ್ವಾದವೂ ಇಲ್ಲ. ಸಿಟ್ಟಿನಲ್ಲಿ ಬರೆದುಬಿಟ್ಟೆ. ಅಂಗಿಯ ಮಾತು ಜಾಸ್ತಿಯಾಯಿತು. ನಿಮ್ಮ ಎದುರು ನಿಂತು ಆಡಲಾಗದ ಮಾತನ್ನು ಕಾಗದದಲ್ಲಿ ಆಡಿದೆ, ತಪ್ಪಾಯಿತು.

ದೋಣಿ ಹೋದರೆ ಹೋಯಿತು. ನಿಮ್ಮಿಂದ ಆಗದಿದ್ದರೆ ಹಟ ಮಾಡಿ ಹೊರಗೆ ಹೋಗಬೇಡಿ. ಎರಡು ವರ್ಷ ಏನು ಮಹಾ, ಒಂಬತ್ತು ಕಳೆದವನಿಗೆ? ಅಕ್ಕನಿಗೆ ಇದನ್ನೆಲ್ಲ ಹೇಳಬೇಡಿ.

ಇದು ನಿಮಗೆ ತಪಾಸಣೆಗೆ ಮುಂಚೆ ಸಿಗುತ್ತದೋ ಇಲ್ಲವೋ. 30ನೇ ತಾರೀಕಿನ ಲಾಂಚಿಗೆ ನಿಮ್ಮ ಕಾಗದ ಬರಲಿ. ಬರದಿದ್ದರೆ ನಪಾಸು ಎಂದು ತಿಳಿದುಕೊಳ್ಳುತ್ತೇನೆ.

ನಿಮ್ಮ ಭಾವಮೈದ


ಏಪ್ರಿಲ್ 22

ಚಿರಂಜೀವಿ ಭಾವಮೈದನಿಗೆ ಆಶೀರ್ವಾದ.

ಈ ಪತ್ರವನ್ನು ಇವತ್ತಿನ ಟಪಾಲಿಗೇ ಹಾಕಬೇಕೆಂದು ದೋಣಿಯಲ್ಲೇ ಕುಳಿತು ಬರೆಯುತ್ತಿದ್ದೇನೆ. ಫಲಿತಾಂಶವನ್ನು ಕ್ರಮಪ್ರಕಾರ ಕೊನೆಯ ಪುಟದಲ್ಲಿ ಬರೆಯುತ್ತೇನೆ. ಮೊದಲೇ ಅಲ್ಲಿಗೆ ಹಾರಬಾರದು.

ನಿನ್ನ ಪತ್ರ ಓದಿದ ಮೇಲೆ ಹದಿನೆಂಟು ದಿನ ನಾನು ದಿನಾ ಬೆಳಿಗ್ಗೆ ದೋಣಿ ಕಟ್ಟುವ ಧಕ್ಕೆಗೆ ಹೋದೆ. ದೋಣಿಗೆ ಎರಡು ಹಗ್ಗ. ಒಂದನ್ನು ಬಿಚ್ಚುತ್ತಿದ್ದೆ. ಎರಡನೆಯದಕ್ಕೆ ಕೈ ಹಾಕಿ, ಕೆಳಗಿನ ನೀರು ನೋಡಿ, ಮೊದಲನೆಯದನ್ನು ಪುನಃ ಕಟ್ಟಿ ಮನೆಗೆ ಬರುತ್ತಿದ್ದೆ. ಪಕ್ಕದ ಅಜ್ಜನನ್ನು ಕೇಳಬಹುದಿತ್ತು. ಕೇಳಲು ಬಾಯಿ ಬರಲಿಲ್ಲ. ಇದು ನುಂಗಲಾರದ, ಉಗುಳಲಾರದ ತುತ್ತಾಯಿತು.

ತಪಾಸಣೆಯ ಅಧಿಕಾರಿ ಹತ್ತು ಗಂಟೆಗೆ ಬಂದರು. ಸಣಕಲು ಹೆಂಗಸು, ಕಾಲಿಗೆ ರಬ್ಬರ್ ಬೂಟು, ಕಿವಿಯ ಹಿಂದೆ ಪೆನ್ಸಿಲು. ಬೆಂಕಿ ಆರಿಸುವ ಸಿಲಿಂಡರು, ತೇಲುವ ಜಾಕೀಟುಗಳನ್ನು ಎಣಿಸಿದರು. ಎಣ್ಣೆಯ ಕಡ್ಡಿ ಎಳೆದು ಮೂಸಿ ನೋಡಿದರು. ಬೆಲ್ಟು, ಫಿಲ್ಟರು, ಸತು ಎಲ್ಲಕ್ಕೂ ಗುರುತು ಹಾಕಿದರು. ಕೊನೆಗೆ ನನ್ನ ಹಾಜರಿ ಪುಸ್ತಕ ತೆರೆದು ಹಾಳೆ ಹಾಳೆ ತಿರುವಿದರು. ಪ್ರಯಾಣದ ಕಾಲಮಿನಲ್ಲಿ ನಾನು ಏಪ್ರಿಲ್ 3ರವರೆಗೂ ದಿನಾ ‘ದೀಪಸ್ತಂಭ, ವಾಪಸು’ ಎಂದು ದುಂಡಗೆ ಬರೆದಿದ್ದೆ. ‘ಇಪ್ಪತ್ತು ವರ್ಷದ ಸರ್ವೀಸಲ್ಲಿ ಇಂಥಾ ಪುಸ್ತಕ ನೋಡಿಲ್ಲ ಸಾರ್,’ ಎಂದರು. ‘ಇಷ್ಟು ಸಲ ಹೋಗಿ ಬಂದಿರೋ ದೋಣೀನ ನಾನು ಮತ್ತೆ ಓಡಿಸಿ ನೋಡೋದೇನಿದೆ? ಇಲ್ಲೇ ಸಹಿ ಹಾಕ್ಬಿಡ್ತೀನಿ.’ ಪೆನ್ನು ತೆಗೆದರು.

ಆ ಪೆನ್ನು ಕಾಗದಕ್ಕೆ ತಾಗಲು ಒಂದು ಬೆರಳಿನಷ್ಟು ಅಂತರವಿತ್ತು. ನಾನು ಸುಮ್ಮನಿದ್ದಿದ್ದರೆ ನಿನ್ನ ಕೆಲಸ ಆಗಿಹೋಗುತ್ತಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು.

‘ಸ್ವಲ್ಪ ತಡೀರಿ,’ ಎಂದೆ. ‘ಅದರಲ್ಲಿ ಒಂದು ಕಾಲಂ ಸುಳ್ಳು.’

‘ಯಾವುದು?’

‘ಪ್ರಯಾಣದ್ದು. ಗಂಟೆ, ಎಣ್ಣೆ, ಡೀಸೆಲ್ ಎಲ್ಲಾ ನಿಜ. ದೋಣಿ ಮಾತ್ರ ಎಲ್ಲಿಗೂ ಹೋಗಿಲ್ಲ.’

‘ಮೂರು ತಿಂಗಳು ಇಲ್ಲೇ ನಿಲ್ಲಿಸಿ ಓಡಿಸಿದ್ರಾ? ಯಾಕೆ ಸಾರ್?’

‘ನನಗೆ ನೀರು ಅಂದರೆ ಭಯ,’ ಎಂದೆ. ಈ ವಾಕ್ಯವನ್ನು ನಾನು ಜನ್ಮದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ಬೆತ್ತದ ಕುರ್ಚಿಯಲ್ಲಿದ್ದ ನಿನ್ನ ಅಕ್ಕ ಹೊಲಿಗೆ ಕೆಳಗಿಟ್ಟಳು.

ಅಧಿಕಾರಿ ಪೆನ್ನಿಗೆ ಕ್ಯಾಪು ಹಾಕಿದರು. ‘ಹಾಗಾದ್ರೆ ಈಗ್ಲೇ ಹೊರಗೆ ಹೋಗಿ ನೋಡೋಣ. ನನ್ನ ಹತ್ರ ಲೈಸೆನ್ಸ್ ಇದೆ, ನಾನು ಪಕ್ಕದಲ್ಲಿರ್ತೀನಿ. ನಡೆಸೋದು ಯಾರು?’

ನಾನು ಬಾಯಿ ತೆರೆಯುವ ಮೊದಲೇ ನಿನ್ನ ಅಕ್ಕ ಎದ್ದು ಹೋಗಿ ಚುಕ್ಕಾಣಿ ಚಕ್ರದ ಮುಂದೆ ನಿಂತಳು. ನೀರಿನ ವಾಲ್ವ್ ತೆರೆದಳು, ಎಡಗಡೆಯದು ಮೂರು ಸಲ ಕೆಮ್ಮುವವರೆಗೆ ಕಾದಳು. ‘ನಿನಗೆ ಇದು ಯಾವಾಗ ಬಂತು?’ ಎಂದೆ. ‘ಬುಧವಾರ ಬುಧವಾರ,’ ಎಂದಳು. ‘ಅಜ್ಜನ ದೋಣೀಲಿ. ತರಕಾರಿ ಅಂಗಡಿ ಎದುರಿಗೇ ಇದೆ ರೀ. ಅರ್ಧ ಕೇಜಿ ಬೀನ್ಸ್‌ಗೆ ಮೂರು ಗಂಟೆ ಯಾಕೆ ಬೇಕು ಅಂತ ಒಂದಿನಾನೂ ಕೇಳಲಿಲ್ಲ ನೀವು.’ ನಿನ್ನ ಪತ್ರಗಳನ್ನೆಲ್ಲ ನನಗಿಂತ ಮೊದಲು ಅವಳೇ ಒಡೆದು ಓದಿ ಪುನಃ ಅಂಟಿಸುತ್ತಿದ್ದಳಂತೆ. ಕಡೆಯದು ಮೊನ್ನೆ ಬಂತಂತೆ, ಅದನ್ನು ನನಗೆ ಕೊಟ್ಟೇ ಇರಲಿಲ್ಲ. ‘ಹಟ ಮಾಡಬೇಡಿ ಅಂತ ಬರೆದಿದ್ದ. ಕೊಟ್ಟಿದ್ರೆ ನೀವು ಅದನ್ನೇ ಹಿಡ್ಕೊಂಡು ಮನೇಲಿ ಕೂತಿರ್ತಿದ್ರಿ,’ ಎಂದಳು. ಅದು ನಿಜ.

‘ಹಗ್ಗ ಬಿಚ್ರಿ,’ ಎಂದಳು.

ನಾನು ಧಕ್ಕೆಗೆ ಇಳಿದು ಮೊದಲನೆಯದನ್ನು ಬಿಚ್ಚಿದೆ. ಎರಡನೆಯದನ್ನೂ ಬಿಚ್ಚಿದೆ. ದೋಣಿ ಮೆಲ್ಲಗೆ ಸರಿಯತೊಡಗಿತು. ನಾನು ದಡದಲ್ಲೇ ಉಳಿದುಬಿಡಬಹುದಿತ್ತು, ನನ್ನ ಅಗತ್ಯ ಅಲ್ಲಿ ಯಾರಿಗೂ ಇರಲಿಲ್ಲ. ಆದರೆ ನಿನ್ನ ಎರಡು ವರ್ಷ ಆ ದೋಣಿಯಲ್ಲಿತ್ತು, ಅದನ್ನು ಹಾಳು ಮಾಡಿದವನು ನಾನು. ಹಾರಿದೆ. ಒಂದು ಚಪ್ಪಲಿ ನೀರಿಗೆ ಬಿತ್ತು.

ಎರಡು ತೇಲುವ ಜಾಕೀಟು ಹಾಕಿಕೊಂಡು ಮೇಜಿನ ಕಾಲು ತಬ್ಬಿ ನೆಲದ ಮೇಲೆ ಕುಳಿತೆ. ಬಂದರು ದಾಟುತ್ತಲೇ ಹೊಗೆ ಶುರುವಾಯಿತು. ಎಂಥ ಹೊಗೆಯೆಂದರೆ, ಧಕ್ಕೆಯ ಮೇಲೆ ಜನ ಸೇರಿದರು, ಅಜ್ಜ ಬಕೆಟ್ಟು ಎತ್ತಿ ತೋರಿಸಿದ. ಅಧಿಕಾರಿ ಕೈಕಟ್ಟಿ ಹಿಂದುಗಡೆ ನೋಡುತ್ತಾ, ‘ಹೀಗೇ ಇದ್ರೆ ನಾನೇನೂ ಮಾಡೋಕಾಗಲ್ಲಮ್ಮ,’ ಎಂದರು. ನಿನ್ನ ಅಕ್ಕ ನಿನ್ನ ಪತ್ರದಲ್ಲಿದ್ದಂತೆಯೇ ಮಾಡುತ್ತಾ ಹೋದಳು. ಹತ್ತು ನಿಮಿಷಕ್ಕೆ ಸ್ವಲ್ಪ ಏರಿಸಿದಳು, ಇನ್ನು ಹತ್ತು ನಿಮಿಷಕ್ಕೆ ಇನ್ನು ಸ್ವಲ್ಪ. ನಾನು ಕೆಳಗಿನಿಂದ ಗಡಿಯಾರ ನೋಡಿ ನಿಮಿಷ ಕೂಗುತ್ತಿದ್ದೆ. ನನ್ನಿಂದ ಆಗುತ್ತಿದ್ದ ಕೆಲಸ ಅದೊಂದೇ. ಮೂವತ್ತನೆಯ ನಿಮಿಷಕ್ಕೂ ಕಪ್ಪು. ನಲವತ್ತಕ್ಕೆ ಬೂದಿ ಬಣ್ಣ. ಐವತ್ತೈದಕ್ಕೆ ಅಧಿಕಾರಿ, ‘ಸಾರ್, ಎದ್ದು ನೋಡಿ,’ ಎಂದರು.

ಎದ್ದು ನೋಡಿದೆ. ಹಿಂದೆ ಹೊಗೆಯಿರಲಿಲ್ಲ. ಸಮುದ್ರ ನೀಲಿಯಾಗಿಯೂ ಇರಲಿಲ್ಲ, ಒಂದು ಥರ ಪಾಚಿ ಹಸಿರು, ದೂರದಲ್ಲಿ ಕಂದು. ಮೀನು ಯಾವುದೂ ಹಾರಲಿಲ್ಲ. ನನ್ನ ಪ್ರಬಂಧಕ್ಕೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಕೊಡಲು ಬರುವುದಿಲ್ಲ. ನನಗೆ ಈಗಲೂ ಭಯವೇ. ಆದರೆ ನಿನ್ನ ಅಕ್ಕ ಚಕ್ರ ಹಿಡಿದು ನಿಂತ ರೀತಿ ನೋಡಿ ಸ್ವಲ್ಪ ಹೊತ್ತು ಅದು ಮರೆತುಹೋಯಿತು.

ಇನ್ನೊಂದು ವಿಷಯ ಬರೆಯಬೇಕು. ಮೂವತ್ತೈದು ವರ್ಷದ ಹಿಂದೆ, ನೀನು ಎಂಟನೇ ತರಗತಿಯಲ್ಲಿದ್ದಾಗ, ಲೆಕ್ಕದ ಪರೀಕ್ಷೆಯಲ್ಲಿ ಎಲ್ಲ ಉತ್ತರವನ್ನೂ ಸರಿಯಾಗಿ ಬರೆದಿದ್ದೆ. ನಿನ್ನಿಂದ ಅದು ಸಾಧ್ಯವಿಲ್ಲವೆಂದು ನಾನು ನಕಲು ಎಂದು ಬರೆದು ನಪಾಸು ಮಾಡಿದೆ. ನೀನು ಶಾಲೆ ಬಿಟ್ಟು ಎಂಜಿನ್ ಶೆಡ್ಡಿಗೆ ಸೇರಿದೆ. ಕೆಸರಿನ ಮಧ್ಯೆ ಕುಳಿತು, ಎರಡು ಅಂಕಿಯಿಂದ ನನ್ನ ಸುಳ್ಳನ್ನು ಕಂಡುಹಿಡಿದವನಿಗೆ ಆ ಲೆಕ್ಕಗಳು ಬರುತ್ತಿರಲಿಲ್ಲವೆಂದು ನಾನು ಈಗ ನಂಬಲಾರೆ. ನೀನು ಅಂದು ನಕಲು ಮಾಡಿರಲಿಲ್ಲ. ತಪ್ಪು ನನ್ನದು. ನನ್ನನ್ನು ಕ್ಷಮಿಸು.

ಫಲಿತಾಂಶ: ಪಾಸು. ಒಂದು ಷರತ್ತು ಬರೆದಿದ್ದಾರೆ, ಪ್ರಯಾಣದ ಕಾಲಮನ್ನು ಇನ್ನು ಮುಂದೆ ಬೇರೆಯವರು ಬರೆಯಬೇಕು. ಸಹಿ ಹಾಕಬೇಡ, ಮನೆಗೆ ಬಾ.

ನಿನ್ನ ಭಾವ


ಏಪ್ರಿಲ್ 30

ಪ್ರೀತಿಯ ಭಾವ,

ಕ್ರಮ ತಪ್ಪಿದೆ, ಕೊನೆಯ ಪುಟಕ್ಕೇ ಹಾರಿದೆ.

ಲಾಂಚು ಬೆಳಿಗ್ಗೆ ಎಂಟಕ್ಕೆ ಬರಬೇಕಿತ್ತು. ಹತ್ತಾದರೂ ಬರಲಿಲ್ಲ. ನಾವು ಕಳೆದ ತಿಂಗಳು ಎತ್ತಿದ ಹೂಳು ವಾಪಸು ಬಂದು ಅದೇ ಜಾಗದಲ್ಲಿ ಕೂತಿತ್ತು, ಲಾಂಚು ಅದರಲ್ಲಿ ಸಿಕ್ಕಿಕೊಂಡಿತ್ತು. ಹನ್ನೊಂದಕ್ಕೆ ಕ್ಯಾಪ್ಟನ್ ಬಂದ. ‘ಏನಪ್ಪಾ, ಹಾಕ್ತೀಯೋ ಇಲ್ವೋ?’ ಎಂದ. ಕಾಗದ ಬರಲಿಲ್ಲ ಎಂದರೆ ನಪಾಸು ಎಂದು ನಾನೇ ಬರೆದಿದ್ದೆನಲ್ಲ. ಪೆನ್ನು ತೆಗೆದು ನನ್ನ ಹೆಸರಿನ ಮೊದಲ ಅಕ್ಷರ ಬರೆದೆ. ಅಷ್ಟರಲ್ಲಿ ಅಡುಗೆಯವನು ಈರುಳ್ಳಿ ಮೂಟೆಯ ಮೇಲೆ ಲಕೋಟೆ ಇಟ್ಟುಕೊಂಡು ಓಡಿಬಂದ. ಒಂದು ಅಕ್ಷರಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ ಎಂದು ಕ್ಯಾಪ್ಟನ್ನೇ ಹೇಳಿ ಕಾಗದ ಹರಿದ. ಮೀನಿನ ವಿಷಯ ತನಗೆ ಅವತ್ತೇ ಅನುಮಾನ ಬಂದಿತ್ತು ಎಂದೂ ಹೇಳಿದ.

ನೀವು ಕ್ಷಮೆ ಕೇಳಿದ್ದೀರಿ. ಸುಮ್ಮನೆ ಇಟ್ಟುಕೊಂಡುಬಿಡೋಣ ಎನ್ನಿಸಿತು, ಅಷ್ಟು ಚೆನ್ನಾಗಿತ್ತು. ಆದರೆ ನೀವು ಆ ಅಧಿಕಾರಿಯ ಪೆನ್ನು ತಡೆದು ನಿಲ್ಲಿಸಿದ್ದನ್ನು ಓದಿದ ಮೇಲೆ ಇಟ್ಟುಕೊಳ್ಳುವುದಕ್ಕೆ ಆಗುತ್ತಿಲ್ಲ. ನಾನು ನಕಲು ಮಾಡಿದ್ದೆ, ಭಾವ. ಹತ್ತಕ್ಕೆ ಹತ್ತೂ ಮುಂದಿನ ಬೆಂಚಿನವನದು. ಲೆಕ್ಕ ನನಗೆ ಬಂದದ್ದು ಶೆಡ್ಡಿನಲ್ಲಿ, ಡೀಸೆಲ್ ಅಳೆದು ಅಳೆದು. ನೀವು ಸರಿಯಾಗಿಯೇ ಹಿಡಿದಿದ್ದಿರಿ. ಅದನ್ನು ಮನೆಯಲ್ಲಿ ಹೇಳಲು ನೀವು ಬಂದ ದಿನ ನಾನು ಬಾಗಿಲ ಹಿಂದೆ ನಿಂತಿದ್ದೆ. ಅಕ್ಕ ಕುಡಿಯಲು ನೀರು ತಂದುಕೊಟ್ಟಳು. ನೀವು ನೀರು ಕುಡಿದು, ಚೆನ್ನಾಗಿದೆ ಎಂದು ಹೇಳಿ, ದೂರು ಹೇಳದೆ ಎದ್ದು ಹೋದಿರಿ. ಆಮೇಲೂ ಯಾರಿಗೂ ಹೇಳಲಿಲ್ಲ. ಮೂರು ತಿಂಗಳಿಗೆ ನಿಮ್ಮ ಮನೆಯಿಂದ ಹೆಣ್ಣು ಕೇಳಿಕೊಂಡು ಬಂದರು. ನಾನು ನಕಲು ಮಾಡದಿದ್ದರೆ ನೀವು ನಮ್ಮ ಮನೆಗೇ ಬರುತ್ತಿರಲಿಲ್ಲ. ಲೆಕ್ಕ ಚುಕ್ತಾ ಎಂದುಕೊಳ್ಳಿ.

ಏಳನೇ ತಾರೀಕಿನ ಲಾಂಚಿಗೆ ಹೊರಡುತ್ತೇನೆ. ಕೆಲಸ ಹೀಗೆ ಹಂಚಿದ್ದೇನೆ. ಎಂಜಿನ್ ನನ್ನದು. ಚಕ್ರ ಅಕ್ಕನದು, ಅವಳಿಗೆ ಪರವಾನಗಿ ಮಾಡಿಸೋಣ. ನೀವು ಇನ್ನು ಮೇಲೆ ದಡದಲ್ಲೇ ಇರುತ್ತೇನೆ ಎನ್ನುತ್ತೀರಿ, ನನಗೆ ಗೊತ್ತು. ಅದು ಆಗುವುದಿಲ್ಲ. ದೋಣಿ ಹತ್ತಲು ಬರುವವರಲ್ಲಿ ಅರ್ಧ ಜನ ಒಂದು ಕಾಲು ದಡದಲ್ಲಿಟ್ಟುಕೊಂಡು, ‘ಭಯ ಏನಿಲ್ವಾ?’ ಎಂದು ಕೇಳುತ್ತಾರೆ. ಏನಿಲ್ಲ ಬನ್ನಿ ಎಂದು ನನ್ನಂಥವನು ಹೇಳಿದರೆ ಅವರು ನಂಬುವುದಿಲ್ಲ, ನನಗೆ ಭಯ ಅಂದರೆ ಏನು ಎಂದೇ ಗೊತ್ತಿಲ್ಲ. ಭಯ ಇದೆ, ನನಗೂ ಇದೆ, ಆದರೂ ನಾನು ಬರುತ್ತಿದ್ದೇನೆ ಎಂದು ಹೇಳಿ ಅವರ ಕೈಹಿಡಿದು ಹತ್ತಿಸುವ ಒಬ್ಬರು ಬೇಕು. ಆ ಕೆಲಸಕ್ಕೆ ನಿಮ್ಮನ್ನು ಬಿಟ್ಟು ಇನ್ನೊಬ್ಬರನ್ನು ನಾನು ಇಟ್ಟುಕೊಳ್ಳುವುದಿಲ್ಲ.

ಮನೆಗೆ ಬರುತ್ತಿರುವ,
ನಿಮ್ಮ ಭಾವಮೈದ